ಕೇಸ್ ನಡೆಸ್ಬೇಕಾ? ಮೊದಲು ಖರ್ಚಿಗೆ ಭದ್ರತೆ ಇಡು!

ನಮ್ಮ ಗಡಿ ನಮ್ಮ ಕಥೆ | ಭಾಗ 6

ಬಿಕಾಂ ಓದೋ ನಮಗೆ ಸೆಕ್ಯುರಿಟಿ ಅಂದ ತಕ್ಷಣ ಬ್ಯಾಂಕ್ ಸಾಲ ನೆನಪಾಗುತ್ತೆ. ಕೋರ್ಟಲ್ಲೂ ಒಂದು ಸೆಕ್ಯುರಿಟಿ ಇದೆ. ಕೇಸ್ ಹಾಕಿದವರು ಸೋತರೆ, ಸಾಮಾನ್ಯವಾಗಿ ಎದುರಿನವರ ಖರ್ಚನ್ನೂ ಅವರೇ ಕೊಡಬೇಕು. ಕೊಡದೆ ಊರು ಬಿಟ್ಟು ಹೋದ್ರೆ? ಅದಕ್ಕೇ ಕೋರ್ಟು ಮೊದಲೇ ಖರ್ಚಿಗೆ ಭದ್ರತೆ ಕೇಳಬಹುದು. ಹೇಳಿದ ಟೈಮಲ್ಲಿ ಕೊಡದಿದ್ರೆ ದಾವೆ ವಜಾ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಆದೇಶದಲ್ಲಿ ಈ ನಿಯಮ ಇದೆ.

ಇದಕ್ಕೂ ನಮ್ಮ ಪಾಲಾರಿಗೂ ಏನ್ ಸಂಬಂಧ ಅಂತೀರಾ? ಸ್ವಲ್ಪ ಹಿಂದಕ್ಕೆ ಹೋಗೋಣ.

ಫೋಟೋದಲ್ಲಿರೋ ಪಾಲಾರ್ ಚೆಕ್‌ಪೋಸ್ಟ್ ದಾಟಿದ್ರೆ ಇವತ್ತು ತಮಿಳುನಾಡು. ಆದ್ರೆ 1956ಕ್ಕೆ ಮುಂಚೆ ಇಲ್ಲಿ ರಾಜ್ಯದ ಗಡಿನೇ ಇರಲಿಲ್ಲ! 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೊಳ್ಳೇಗಾಲ ಸೀಮೆ ಕಂಪನಿ ಸರ್ಕಾರದ ಪಾಲಾಯ್ತು, ಮುಂದೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಯಳಂದೂರು ಮಾತ್ರ ಮೈಸೂರು ಸಂಸ್ಥಾನದಲ್ಲೇ ಉಳೀತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಊರು ಅದು. ಅಂದ್ರೆ ಗಡಿ ಇದ್ದಿದ್ದು ಯಳಂದೂರಿಗೂ ಕೊಳ್ಳೇಗಾಲಕ್ಕೂ ನಡುವೆ.

ಈಗ ಒಂದು ಲೆಕ್ಕ ಹಾಕಿ. 1930ರ ಸುಮಾರಿಗೆ ಯಳಂದೂರಿನ ಒಬ್ಬ ವ್ಯಾಪಾರಿಗೆ ಕೊಳ್ಳೇಗಾಲದ ರೇಷ್ಮೆ ನೇಕಾರರಿಂದ 500 ರೂಪಾಯಿ ಬರಬೇಕು ಅಂದ್ಕೊಳ್ಳಿ. ದಾವೆ ಹಾಕಬೇಕಿರೋದು ಬ್ರಿಟಿಷ್ ಕೋರ್ಟಲ್ಲಿ. ಆ ನಿಯಮದ ಪ್ರಕಾರ ಬ್ರಿಟಿಷ್ ಇಂಡಿಯಾದ ಹೊರಗೆ ವಾಸ ಇದ್ದು, ಒಳಗೆ ಸಾಕಷ್ಟು ಸ್ಥಿರಾಸ್ತಿ ಇಲ್ಲದ ವಾದಿಯಿಂದ ಭದ್ರತೆ ಕೇಳಬಹುದಿತ್ತು. ಮೈಸೂರು ಸಂಸ್ಥಾನ ಬ್ರಿಟಿಷ್ ಇಂಡಿಯಾ ಅಲ್ಲ. ಹಾಗಾಗಿ ಬೆಳಗ್ಗೆ ಗಾಡಿ ಕಟ್ಟಿದ್ರೆ ಮಧ್ಯಾಹ್ನದೊಳಗೆ ಬಂದು ಸೇರೋ ಯಳಂದೂರಿನವರು ಕಾನೂನಿನ ಕಣ್ಣಲ್ಲಿ ಹೊರಗಿನವರು. ನೂರಾರು ಮೈಲಿ ದೂರದ ಮದ್ರಾಸಿನವರು ಒಳಗಿನವರು!

ಇನ್ನೂ ಬೇಜಾರಾಗೋ ವಿಷಯ ಇದೆ. ಅದೇ ನಿಯಮದಲ್ಲಿ ಇನ್ನೊಂದು ಸಾಲಿತ್ತು: ಹಣದ ದಾವೆ ಹಾಕಿದವರು ಹೆಂಗಸಾಗಿದ್ದು, ಆಕೆಗೆ ಸಾಕಷ್ಟು ಸ್ಥಿರಾಸ್ತಿ ಇಲ್ಲದಿದ್ರೆ, ಪ್ರತಿವಾದಿ ಅರ್ಜಿ ಕೊಟ್ಟು ಭದ್ರತೆ ಕೇಳಬಹುದು. ಆಕೆ ಕೊಳ್ಳೇಗಾಲದಲ್ಲೇ ಹುಟ್ಟಿ ಬೆಳೆದಿದ್ರೂ ಅಷ್ಟೇ. ಹಣದ ಡಿಕ್ರಿಗೋಸ್ಕರ ಹೆಂಗಸರನ್ನು ಬಂಧಿಸೋ ಹಾಗಿಲ್ಲ ಅಂತ ಇದೇ ಸಂಹಿತೆಯ 56ನೇ ಸೆಕ್ಷನ್ ಹೇಳುತ್ತೆ. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಂಡ ಹಾಗಾಯ್ತಲ್ವಾ? ಆ ಕಾಲದಲ್ಲಿ ಜಮೀನು ಹೆಂಗಸರ ಹೆಸರಲ್ಲಿ ಇರ್ತಿದ್ದದ್ದೇ ಅಪರೂಪ. ಕೂಡಿಟ್ಟ ಕಾಸನ್ನ ಸಾಲ ಕೊಟ್ಟ ವಿಧವೆಯೊಬ್ಬಳು ಅದನ್ನ ವಾಪಸ್ ಕೇಳೋಕೆ ಕೋರ್ಟಿಗೆ ಹೋದ್ರೆ, ಸಾಲ ತಗೊಂಡವನೇ "ಮೊದಲು ಭದ್ರತೆ ಇಡಲಿ" ಅನ್ನಬಹುದಿತ್ತು.

ಆಮೇಲೆ ಬಂತು 1956. ಆ ವರ್ಷ ನವೆಂಬರ್ 1ಕ್ಕೆ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ಗಡಿ ಪಾಲಾರಿಗೆ ಬಂತು. ಅದೇ ವರ್ಷ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಅದೇ ವರ್ಷದ ತಿದ್ದುಪಡಿಯಲ್ಲಿ 25ನೇ ಆದೇಶದ ಈ ನಿಯಮವನ್ನೇ ಹೊಸದಾಗಿ ಬರೆದ್ರು, ಹೆಂಗಸರ ಮೇಲಿನ ಆ ಸಾಲು ಹೋಯ್ತು.

ಈಗಿನ ನಿಯಮ ಹೀಗಿದೆ:
🔹 ವಾದಿಗಳೆಲ್ಲ ಭಾರತದ ಹೊರಗಿದ್ದು, ಇಲ್ಲಿ ಸಾಕಷ್ಟು ಸ್ಥಿರಾಸ್ತಿ ಇಲ್ಲದಿದ್ರೆ ಭದ್ರತೆ ಕೇಳಲೇಬೇಕು. ಕೇಸಿನಲ್ಲಿರೋ ಆಸ್ತಿ ಲೆಕ್ಕಕ್ಕಿಲ್ಲ.
🔹 ಬೇರೆ ಯಾರಿಂದಲಾದ್ರೂ ಕೇಳೋದಾದ್ರೆ ಕೋರ್ಟು ಕಾರಣ ಬರೆದಿಡಬೇಕು.

ಹಾಗಾಗಿ ಇವತ್ತು ಪಾಲಾರಿನವರು ಮೆಟ್ಟೂರಲ್ಲಿ ಕೇಸ್ ಹಾಕಿದ್ರೆ, ರಾಜ್ಯ ಬೇರೆ ಅನ್ನೋ ಒಂದೇ ಕಾರಣಕ್ಕೆ ಹೊರಗಿನವರಾಗಲ್ಲ.

ನನಗನ್ನಿಸೋದು ಇಷ್ಟು. ಭದ್ರತೆ ಕೇಳೋದೇ ತಪ್ಪಲ್ಲ. ಸುಳ್ಳು ಕೇಸ್ ಹಾಕಿ ವಿದೇಶಕ್ಕೆ ಹಾರೋರಿಂದ ಪ್ರತಿವಾದಿಗೂ ರಕ್ಷಣೆ ಬೇಕು. ಆದ್ರೆ ಕೋರ್ಟು ನೋಡಬೇಕಾದ್ದು "ಇವರು ಖರ್ಚು ಕೊಡದೆ ತಪ್ಪಿಸ್ಕೊಳ್ತಾರಾ?" ಅನ್ನೋದನ್ನ, "ಇವರು ಬಡವರಾ, ಹೆಂಗಸಾ, ಯಾವ ಊರಿನವರು?" ಅನ್ನೋದನ್ನಲ್ಲ. ಕೈಲಿ ಕಾಸಿಲ್ಲದವರು ಕೋರ್ಟ್ ಫೀ ಕಟ್ಟದೆ ದಾವೆ ಹೂಡೋಕೆ ಇದೇ ಸಂಹಿತೆಯ 33ನೇ ಆದೇಶ ಬಾಗಿಲು ತೆಗೆದಿದೆ. ಆ ಬಾಗಿಲನ್ನ ಭದ್ರತೆಯ ಹೆಸರಲ್ಲಿ ಮುಚ್ಚಿದ್ರೆ, ಬಾಕಿ ಉಳಿಸ್ಕೊಂಡವನಿಗೇ ಲಾಭ.

ನೀವೇನಂತೀರಾ? ಕಾಮೆಂಟಲ್ಲಿ ಹೇಳಿ. ಲಾ ಓದ್ತಿರೋ ಫ್ರೆಂಡ್ಸ್‌ನ ಟ್ಯಾಗ್ ಮಾಡಿ 👇

#ಪಾಲಾರ್ #ಹನೂರು #ಕೊಳ್ಳೇಗಾಲ #ಯಳಂದೂರು #ನಮ್ಮಗಡಿನಮ್ಮಕಥೆ