ಅರ್ಥಶಾಸ್ತ್ರದ ಕ್ಲಾಸಿನಿಂದ ದಲಾಲ್ ಸ್ಟ್ರೀಟಿಗೆ ಎಷ್ಟು ದೂರ?

ಡೊಂಬಿವಲಿ ಎಂಐಡಿಸಿಯಲ್ಲಿ ಮನೆ ಮಾಡಿಕೊಂಡು, ದಿನಾ ಐರೋಲಿಗೋ ಮಹಾಪೆಗೋ ಹೋಗಿ ಬ್ಯಾಂಕುಗಳ ಸಾಫ್ಟ್‌ವೇರ್ ಬರೆಯೋ ನಮ್ಮಂಥವರಲ್ಲಿ ಈಗ ಒಂದು ಯೋಚನೆ ಓಡಾಡ್ತಿದೆ. ಕೆಲಸ ಬಿಟ್ಟು ಫೈನಾನ್ಶಿಯಲ್ ಎಕನಾಮಿಕ್ಸ್‌ನಲ್ಲಿ ಮಾಸ್ಟರ್ಸ್ ಮಾಡಿದ್ರೆ ಹೇಗೆ? ಜೊತೆಗೆ ಇಂಟರ್ನ್‌ಶಿಪ್ಪೂ ಇರುತ್ತಂತೆ. ಫೀಸಿನ ಲೆಕ್ಕ ಆಮೇಲೆ ಹಾಕೋಣ. ಈ ಇಂಟರ್ನ್‌ಶಿಪ್ ಅರ್ಥಶಾಸ್ತ್ರಕ್ಕೆ ಯಾಕೆ ಇಷ್ಟು ತಡವಾಗಿ ಬಂತು ಅಂತ ಮೊದಲು ನೋಡೋಣ.

ನಮ್ಮ ಎಂಐಡಿಸಿ ಕಾರ್ಖಾನೆಗಳಿಗೆ ಅಪ್ರೆಂಟಿಸ್ ಹೊಸಬನೇನಲ್ಲ. 1961ರ ಕಾಯ್ದೆ ಐಟಿಐ ಹುಡುಗನನ್ನು ಯಂತ್ರದ ಮುಂದೆ ನಿಲ್ಲಿಸಿತು. 1973ರ ತಿದ್ದುಪಡಿಯಲ್ಲಿ ಎಂಜಿನಿಯರಿಂಗ್ ಪದವೀಧರರು ಸೇರಿದ್ರು. ಉಳಿದ ಪದವೀಧರರಿಗೆ ಜಾಗ ಸಿಕ್ಕಿದ್ದು 2014ರ ತಿದ್ದುಪಡಿಯಲ್ಲಿ. ಫಿಟ್ಟರ್‌ಗೂ ಅರ್ಥಶಾಸ್ತ್ರದ ಪದವೀಧರನಿಗೂ ನಡುವೆ ಅರ್ಧ ಶತಮಾನದ ಅಂತರ!

ಮುಂಬೈಯಂಥ ಊರಿದ್ದೂ ಹೀಗಾಯ್ತು ಅನ್ನೋದೇ ವಿಚಿತ್ರ. ಷೇರುಪೇಟೆ 1875ರಿಂದ ಇಲ್ಲಿದೆ. 1913ರಲ್ಲಿ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜು ಶುರುವಾಯ್ತು; 1918ರಲ್ಲಿ ಅಲ್ಲಿಗೆ ಪಾಠ ಮಾಡೋಕೆ ಬಂದ ಅಂಬೇಡ್ಕರ್, 1923ರಲ್ಲಿ ರೂಪಾಯಿಯ ಸಮಸ್ಯೆ ಬಗ್ಗೆಯೇ ಪುಸ್ತಕ ಪ್ರಕಟಿಸಿದ್ರು. ಹಣದ ಪಾಠ, ಹಣದ ವ್ಯವಹಾರ ಎರಡೂ ಒಂದೇ ಊರಲ್ಲಿ, ಆದರೆ ವಿದ್ಯಾರ್ಥಿ ಮಾತ್ರ ಬೆಂಚಿನಲ್ಲೇ.

ಇಲ್ಲಿ ನಮ್ಮವರೊಬ್ಬರನ್ನ ನೆನೀಬೇಕು. ಪಿ.ಆರ್. ಬ್ರಹ್ಮಾನಂದ, ಹುಟ್ಟಿದ್ದು 1926ರಲ್ಲಿ, ಬೆಂಗಳೂರಲ್ಲಿ. ಹೆಸರು ಮಾಡಿದ್ದು ಮುಂಬೈ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದಲ್ಲಿ. 1956ರಲ್ಲಿ ಸಿ.ಎನ್. ವಕೀಲರ ಜೊತೆ ಬರೆದ ಪುಸ್ತಕದಲ್ಲಿ ಮಹಲನೋಬಿಸ್ ಅವರ ಭಾರಿ ಕೈಗಾರಿಕೆ ಯೋಜನೆಯನ್ನೇ ಪ್ರಶ್ನೆ ಮಾಡಿದ್ರು. ವಾದ ಸರಳ: ಅಣೆಕಟ್ಟು ಕಟ್ಟೋ ಕೂಲಿಯವನಿಗೆ ಮೊದಲು ಅನ್ನ ಬಟ್ಟೆ ಸಿಗಬೇಕು, ಅದನ್ನ ಬೆಳೆಸದೆ ಉಕ್ಕಿಗೆ ದುಡ್ಡು ಸುರಿದ್ರೆ ಬೆಲೆ ಏರುತ್ತೆ. 1974ರಲ್ಲಿ ಬೆಲೆಯೇರಿಕೆ ಶೇ 20 ದಾಟಿದಾಗ, ಇವರಿಬ್ಬರ ಮುಂದಾಳತ್ವದಲ್ಲಿ 140 ಅರ್ಥಶಾಸ್ತ್ರಜ್ಞರು ಇಂದಿರಾ ಗಾಂಧಿ ಸರ್ಕಾರಕ್ಕೆ ಮನವಿ ಕೊಟ್ರು. ಅದರ ಅಡ್ಡಹೆಸರು ‘ಸೆಮಿಬಾಂಬ್ಲಾ’. (ಇಂಥ ಹೆಸರು ಇಡೋ ಧೈರ್ಯ ಇವತ್ತಿನ ಮೇಷ್ಟ್ರಿಗೆ ಇಲ್ಲ ಬಿಡಿ.) ಅದೇ ವರ್ಷ ಸರ್ಕಾರ ಸಂಬಳದ ಏರಿಕೆಯನ್ನ, ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧವನ್ನ ಕಡ್ಡಾಯ ಠೇವಣಿ ಮಾಡಿತು. ಹಣದ ಸಿದ್ಧಾಂತ ಗುಮಾಸ್ತರ ಪೇ ಸ್ಲಿಪ್‌ವರೆಗೂ ತಲುಪೋದು ಹೀಗೆ.

ಎಂಎ ವಿದ್ಯಾರ್ಥಿಗೆ ಮಾರುಕಟ್ಟೆಯ ಮೇಜು ಬೇಕಾಗಿದ್ದು ಮುಂದಿನ ತಲೆಮಾರಲ್ಲಿ. 1994ರಲ್ಲಿ ಎನ್‌ಎಸ್‌ಇ ಷೇರು ವಹಿವಾಟನ್ನ ಕಂಪ್ಯೂಟರ್ ತೆರೆಗೆ ತಂದಿತು. ಜೂನ್ 2000ದಲ್ಲಿ ಸೂಚ್ಯಂಕದ ಫ್ಯೂಚರ್ಸ್ ಶುರುವಾಯ್ತು. ಕೂಗಿ ವ್ಯಾಪಾರ ಮಾಡೋ ಕಾಲ ಹೋಗಿ, ಬೆಲೆಯನ್ನ ಮಾಡೆಲ್‌ನಲ್ಲಿ ಕಟ್ಟೋರು ಬೇಕಾದ್ರು. ಅಮೆರಿಕದಲ್ಲೂ ಕಾರ್ನೆಗಿ ಮೆಲನ್ ಇಂಥ ಕೋರ್ಸ್ ತೆಗೆದದ್ದು 1994ರಲ್ಲೇ. ಇವತ್ತು ನಮಗೆ ಹತ್ತಿರದ್ದು ಪುಣೆಯ ಗೋಖಲೆ ಸಂಸ್ಥೆ, ಇನ್ನೊಂದು ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್.

ನನ್ನ ಲೆಕ್ಕ ಹೀಗಿದೆ. ಇಪ್ಪತ್ತೆರಡರ ಹುಡುಗಿಗೆ ಇಂಟರ್ನ್‌ಶಿಪ್ಪೇ ಆ ಡಿಗ್ರಿಯ ತಿರುಳು. ನಮಗೆ ಕಚೇರಿ ಗೊತ್ತು, ಡೇಟಾ ಗೊತ್ತು. ನಾವು ಕೋಡ್ ಮಾಡಿದ ಸೂತ್ರ ಯಾವಾಗ ಸುಳ್ಳಾಗುತ್ತೆ ಅನ್ನೋದು ಗೊತ್ತಿಲ್ಲ. ನಾವು ದುಡ್ಡು ಕೊಡಬೇಕಿರೋದು ಅದಕ್ಕೆ. ಹೋಮ್ ಲೋನ್ ಇರೋರು ರಾಜೀನಾಮೆ ಬರೆಯೋ ಮುಂಚೆ ಸಿಲಬಸ್‌ನಲ್ಲಿ ಎಕನಾಮೆಟ್ರಿಕ್ಸ್ ಎಷ್ಟಿದೆ ನೋಡಿ. ಇಂಟರ್ನ್‌ಗಳನ್ನ ರಿಸ್ಕ್ ಡೆಸ್ಕಿನಲ್ಲಿ ಕೂರಿಸ್ತಾರಾ, ಬರೀ ಪಿಪಿಟಿ ಮಾಡಿಸ್ತಾರಾ ಅಂತ ಹಿಂದಿನ ಬ್ಯಾಚಿನವರನ್ನೇ ಹಿಡಿದು ಕೇಳಿ.