ಶ್ರುತಭಂಡಾರದ ಬಾಗಿಲು

ಪೋಲೆಂಡ್ ದೇಶದ ಆಗ್ನೇಯ ಭಾಗದಲ್ಲಿ ಸ್ಟ್ಶಿಜೂಫ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿನ ಹಳೆಯ ಯಹೂದಿ ಪ್ರಾರ್ಥನಾಮಂದಿರ, ಅಂದರೆ ಸಿನಗಾಗ್, ಇಂದು ಸಾರ್ವಜನಿಕ ಗ್ರಂಥಾಲಯವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ಹಿಂಸೆಗೆ ಸಿಲುಕಿ ಆರಾಧಕರು ಇಲ್ಲವಾದರು. ಯುದ್ಧಾನಂತರ ಬರಿದಾದ ಮಂದಿರಕ್ಕೆ ಪುಸ್ತಕಗಳು ಬಂದವು. ಯಿಡ್ಡಿಷ್ ಭಾಷೆಯಲ್ಲಿ ಸಿನಗಾಗಿಗೆ ‘ಶೂಲ್’ ಎಂಬ ಹೆಸರುಂಟು. ಶಾಲೆ ಎಂಬುದೇ ಆ ಪದದ ಮೂಲಾರ್ಥ.

ಮೂಡುಬಿದಿರೆಯ ಗುರುಬಸದಿಯ ಕಥೆ ಇದಕ್ಕೆ ವಿಪರೀತವಾದುದು. ಅಲ್ಲಿ ಆರಾಧಕರೂ ಇದ್ದರು, ಗ್ರಂಥಗಳೂ ಇದ್ದವು. ಓದುವವರು ಮಾತ್ರ ಇರಲಿಲ್ಲ. ಸಿದ್ಧಾಂತ ಬಸದಿಯೆಂದೂ ಹೆಸರಾದ ಆ ಜಿನಾಲಯದಲ್ಲಿ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ತಾಡವೋಲೆಗಳು ಶತಮಾನಗಳ ಕಾಲ ದರ್ಶನಕ್ಕಷ್ಟೇ ಹೊರಬರುತ್ತಿದ್ದವು. ಶಿವಮೊಗ್ಗ ಸೀಮೆಯವರಿಗೆ ಇದು ಪರರ ಊರಿನ ಸಂಗತಿಯಲ್ಲ. ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ದೇಮಿಯಕ್ಕನೆಂಬ ಶ್ರಾವಿಕೆ ಶ್ರುತಪಂಚಮೀ ನೋಂಪಿಯ ಉದ್ಯಾಪನೆಯಲ್ಲಿ ಧವಲೆಯನ್ನು ದಾನವಿತ್ತಳೆಂದು ಪ್ರತಿಯ ಪ್ರಶಸ್ತಿಯೇ ಹೇಳುತ್ತದೆ. ಓದಲೆಂದು ಕೊಟ್ಟ ದಾನವದು!

ಮುಂಬಯಿಯ ಸೇಠ್ ಮಾಣಿಕಚಂದರು, ಸೊಲ್ಲಾಪುರದ ಹೀರಾಚಂದ ನೇಮಚಂದರು ಮೂಡುಬಿದಿರೆಗೆ ಬಂದು ಓಲೆಗಳ ಜೀರ್ಣಾವಸ್ಥೆಯನ್ನು ಕಂಡು ಮರುಗಿದರು. ಅವರ ಪ್ರಯತ್ನದಿಂದ 1896ರ ಸುಮಾರಿಗೆ ಪ್ರತಿಲಿಪಿಯ ಕಾರ್ಯ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಬರೆಯತೊಡಗಿದರು. ಬ್ರಹ್ಮಸೂರಿಗಳ ನಿಧನಾನಂತರ ಗಜಪತಿಗಳೇ ಮುಂದುವರಿಸಿದರು. ನಾಗರಿ ಮತ್ತು ಕನ್ನಡ ಎರಡೂ ಲಿಪಿಗಳಲ್ಲಿ ಎಲ್ಲ ಸಿದ್ಧಾಂತಗ್ರಂಥಗಳ ಪ್ರತಿ ಮುಗಿಯುವಾಗ 1922 ಬಂದಿತ್ತು. ಆದರೆ ಆ ಪ್ರತಿಗಳೂ ಬಸದಿಯ ಆವರಣವನ್ನು ದಾಟುವಂತಿರಲಿಲ್ಲ.

ಗಜಪತಿಗಳು ತಮ್ಮ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಇಷ್ಟೆಲ್ಲ ಶ್ರಮಪಟ್ಟ ಹೀರಾಚಂದರೇ ಅದನ್ನು ಕೊಳ್ಳಲು ಒಪ್ಪಲಿಲ್ಲ. ಕೊಟ್ಟ ಮಾತಿಗೆ ವಿರುದ್ಧವಾಗಿ ಬಂದುದನ್ನು ಸ್ವೀಕರಿಸುವುದು ಅವರಿಗೆ ಅನುಚಿತವೆನಿಸಿತು. ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ಕೊಂಡು ತಮ್ಮೂರಿನ ಮಂದಿರದಲ್ಲಿರಿಸಿದರು. ಅಚೌರ್ಯವ್ರತದ ದೃಷ್ಟಿಯಿಂದ ಹೀರಾಚಂದರ ನಿರಾಕರಣೆ ಸಾಧುವೇ. ಆದರೂ ಜ್ಞಾನದಾನಕ್ಕೆ ಅಡ್ಡಿಯಾಗುವುದು ಜ್ಞಾನಾವರಣೀಯ ಕರ್ಮಬಂಧಕ್ಕೆ ಕಾರಣವೆಂದು ಸಾರುವ ಸಮಾಜದಲ್ಲಿ ಗ್ರಂಥವನ್ನು ಕಳ್ಳದಾರಿಯಿಂದ ಹೊರತರಬೇಕಾದ ಸನ್ನಿವೇಶ ಏಕೆ ಒದಗಿತು? ಬರೆದವರ ಲೋಪವನ್ನು ಎಣಿಸುವಾಗ ಬೀಗ ಹಾಕಿದವರ ಲೋಪವನ್ನೂ ಎಣಿಸಬೇಕಾಗುತ್ತದೆ.

ಸಹಾರನಪುರದಲ್ಲಿ ಆ ಕನ್ನಡ ಪ್ರತಿಯನ್ನು ನಾಗರಿಗೆ ಇಳಿಸಲಾಯಿತು. ಅಲ್ಲಿಂದಲೂ ಪ್ರತಿಗಳು ಹೊರಬಿದ್ದು ಹಲವು ಊರುಗಳ ಭಂಡಾರಗಳನ್ನು ಸೇರಿದವು. ಅವುಗಳ ಆಧಾರದಿಂದ ಡಾ. ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಧವಲೆಯ ಮೊದಲ ಸಂಪುಟವನ್ನು ಹೊರತಂದರು. ಒಟ್ಟು 16 ಸಂಪುಟಗಳಾದವು. ಮುದ್ರಣ ಆರಂಭವಾದ ಬಳಿಕ ಮೂಡುಬಿದಿರೆಯ ಭಟ್ಟಾರಕರೂ ಬಸದಿಯ ಆಡಳಿತದವರೂ ಮನಸ್ಸು ಬದಲಿಸಿದರು. ಮೂಲ ಓಲೆಗಳೊಡನೆ ಮುದ್ರಣದ ಪಾಠವನ್ನು ಹೋಲಿಸಿ ನೋಡಲು ಪಂಡಿತರಿಗೆ ಅನುಮತಿ ದೊರೆಯಿತು. ಮೂರನೆಯ ಸಂಪುಟದಿಂದ ಆ ಪಾಠಾಂತರಗಳು ಪುಟಗಳಲ್ಲಿ ಕಾಣಿಸಿಕೊಂಡವು.