ಉದಾಸೀನ ಎಂಬ ಬಲಶಾಲಿ ರಾಜ

1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಹಸ್ತಪ್ರತಿಯಲ್ಲಿ ಅಲ್ಲಿನ ವಿದ್ವಾಂಸ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು. 1909ರಲ್ಲಿ ಅದು ಅಚ್ಚಾಯಿತು. ಅದರ ಆರನೆಯ ಅಧಿಕರಣದಲ್ಲಿ ಉದಾಸೀನ ಎಂಬ ರಾಜನಿದ್ದಾನೆ. ಗೆಲ್ಲಹೊರಟ ವಿಜಿಗೀಷು, ಅವನ ಶತ್ರು, ಇಬ್ಬರ ಗಡಿಗೂ ತಾಗಿದ ಮಧ್ಯಮ, ಈ ಮೂವರಿಗೂ ಆಚೆಯವನು ಅವನು. ಅವರು ಒಟ್ಟಾಗಿರಲಿ, ಬೇರೆಯಾಗಿರಲಿ, ನೆರವಾಗಬಲ್ಲ. ಒಬ್ಬೊಬ್ಬರೇ ಎದುರು ನಿಂತರೆ ಹತ್ತಿಕ್ಕಬಲ್ಲ. ಬಲದಲ್ಲಿ ಆ ಮೂವರಿಗೂ ಅವನು ಮಿಗಿಲು.

ಇಂದಿನ ಕನ್ನಡದ ಕಿವಿಗೆ ಇದು ಅಚ್ಚರಿಯೇ. ಈಗ ಉದಾಸೀನ ಎಂದರೆ ಅಸಡ್ಡೆ, ತಾತ್ಸಾರ.

ಪದದ ಒಡಲಲ್ಲಿರುವುದು ‘ಆಸೀನ’, ಕುಳಿತವನು. ಗದ್ದಲದಿಂದ ಮೇಲೆ, ದೂರ ಕುಳಿತವನು ಉದಾಸೀನ. ಪ್ರಕೃತಿಯ ಆಟವನ್ನೆಲ್ಲ ನೋಡುತ್ತ ತಾನೇನೂ ಮಾಡದ ಪುರುಷನನ್ನು ಸಾಂಖ್ಯರು ಹೀಗೆ ಕರೆದರು. ಗೀತೆಯ 6ನೇ ಅಧ್ಯಾಯದಲ್ಲಿ ಈ ಪದ ಮಿತ್ರ, ಅರಿ, ಮಧ್ಯಸ್ಥರ ಪಕ್ಕದಲ್ಲೇ ನಿಂತಿದೆ, ರಾಜನೀತಿಯ ನಂಟು ಅಲ್ಲಿ ಎದ್ದು ಕಾಣುತ್ತದೆ. 12ರಲ್ಲಿ ಅದೇ ಪದ ಮೆಚ್ಚಿನ ಭಕ್ತನ ಗುಣ. ಪಂಜಾಬಿನಲ್ಲಿ ಗುರು ನಾನಕರ ಮಗ ಶ್ರೀಚಂದರನ್ನು ಮೂಲಪುರುಷರೆಂದು ನಂಬುವ ಸಾಧುಗಳಿಗೆ ಉದಾಸಿಗಳೆಂದೇ ಹೆಸರು. ಹಿಂದಿಯ ‘ಉದಾಸ್’ ಮಾತ್ರ ದುಃಖದ ಕಡೆಗೆ ಹೊರಳಿತು.

ಉಪೇಕ್ಷೆಯ ಹಾದಿಯೂ ಇಂಥದ್ದೇ. ಯೋಗಸೂತ್ರದಲ್ಲಿ ಅದು ಮೈತ್ರಿ, ಕರುಣೆ, ಮುದಿತೆಗಳ ಸಾಲಿನದು, ಕನ್ನಡದಲ್ಲಿ ಕಡೆಗಣಿಸುವಿಕೆ. ಯಾರ ಪಕ್ಷವನ್ನೂ ಸೇರದ ದೇಶಕ್ಕೆ ಇಂದು ತಟಸ್ಥ ಅಥವಾ ಅಲಿಪ್ತ ಎನ್ನುತ್ತಾರೆ. ಉದಾಸೀನ ದೇಶ ಎಂದರೆ ಬೈದಂತಾದೀತು.

ಈ ತಿರುವಿನಲ್ಲಿ ‘ಮಾಡು’ ಎಂಬ ಪುಟ್ಟ ಕ್ರಿಯಾಪದದ ಪಾತ್ರ ದೊಡ್ಡದು. ಸಂಸ್ಕೃತದಲ್ಲಿ ಒಬ್ಬನು ಉದಾಸೀನನಾಗಿ ಇರುತ್ತಾನೆ, ಅಷ್ಟೇ. ಅದು ಅವನ ನಿಲುವು. ಕನ್ನಡಿಗರು ಉದಾಸೀನ ‘ಮಾಡು’ತ್ತಾರೆ. ಹಾಗೆಂದ ಕೂಡಲೇ ಅದನ್ನು ಅನುಭವಿಸುವವರೊಬ್ಬರು ಬೇಕು: ಮಗ ಮುದಿ ತಾಯಿಯನ್ನು ಉದಾಸೀನ ಮಾಡಿದ, ಕಚೇರಿಯವರು ರೈತನ ಅರ್ಜಿಯನ್ನು ಉದಾಸೀನ ಮಾಡಿದರು. ಇದನ್ನು ಪದದ ಅಧಃಪತನ ಎಂದು ಮರುಗಬೇಕಿಲ್ಲ. ದೂರ ಕುಳಿತವನ ನೆಮ್ಮದಿಯನ್ನು ಹೇಳುತ್ತಿದ್ದ ಪದಕ್ಕೆ ಕನ್ನಡವು ಕಡೆಗಣನೆಗೆ ಒಳಗಾದವರ ನೋವನ್ನೂ ಹೇಳುವ ಶಕ್ತಿ ಕೊಟ್ಟಿತು. ದಕ್ಷಿಣ ಕನ್ನಡದಲ್ಲಿ ಅದು ಇನ್ನಷ್ಟು ಮನೆಮಾತಾಗಿ, ಮೈಗಳ್ಳತನಕ್ಕೂ ಒದಗಿದೆ. “ಏಳ್ಲಿಕ್ಕೇ ಉದಾಸೀನ” ಎಂದು ಮಳೆಗಾಲದ ಬೆಳಿಗ್ಗೆ ಹೊದಿಕೆಯೊಳಗಿಂದ ಮಾತು ಬಂದರೆ ಅಲ್ಲಿ ಯಾರೂ ವೇದಾಂತವನ್ನು ನೆನೆಯುವುದಿಲ್ಲ.